ಹನ್ನೊಂದು ಬಶಿ

ಬೋರಲು ಹಾಕಬೇಡ, ಎನ್ನುತ್ತಿದ್ದಳು ಶೇವಂತಿ ಅಜ್ಜಿ,
ಬೋರಲು ಬಿದ್ದ ಬಶಿ ಮನೆಗೆ ಒಳ್ಳೆಯದಲ್ಲ.
ತೊಳೆದದ್ದನ್ನು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಬೇಕು,
ಫೋಟೋಕ್ಕೆ ನಿಂತ ಬೀಗರ ಹಾಗೆ, ಸಾಲಾಗಿ.

ಅವಳು ಹೋಗಿ ವರ್ಷ ತಿರುಗಿದ ಮೇಲೆ
ಒಂದು ಮಧ್ಯಾಹ್ನ ಒಂದನ್ನು ತಿರುಗಿಸಿ ನೋಡಿದೆ.
ಬೆನ್ನಿನಲ್ಲಿ ನೀಲಿ ಲಂಗರು,
ಲಂಗರಿಗೆ ಸುತ್ತಿದ ಹಗ್ಗ, ಅರ್ಧ ಅಳಿಸಿದ ಇಂಗ್ಲಿಷ್ ಅಕ್ಷರ.
ಎರಡನೆಯದರಲ್ಲೂ ಅದೇ. ಹನ್ನೊಂದರಲ್ಲೂ ಅದೇ.

ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ.

ಅಜ್ಜ ಥಾಕೂ ಮುಂಬಯಿ ಆಗಬೋಟಿನಲ್ಲಿ ಅಡುಗೆಯವ.
ಹಡಗು ದೂರದಲ್ಲೇ ನಿಲ್ಲುತ್ತಿತ್ತು, ಪಡಾವಿಗೆ ಇಳಿದು ಬರಬೇಕು.
ಒಂದು ಖೇಪಿಗೆ ಒಂದು ಬಶಿ
ಬನಿಯನ್ನಿನ ಒಳಗೆ, ಹೊಟ್ಟೆಗೆ ಒತ್ತಿಕೊಂಡು.
ಹೊಟ್ಟೆ ತಣ್ಣಗಿರಲಿ ಎಂದು ಹರಸುತ್ತಾರಲ್ಲ,
ಅಜ್ಜನದು ನಿಜಕ್ಕೂ ತಣ್ಣಗಿತ್ತು
ಧಕ್ಕೆ ಮುಟ್ಟುವ ತನಕ.

ಇದನ್ನು ಹೇಳಿದವನು ಇನಾಸ ಮಾಮ,
ಅದೇ ಹಡಗಿನಲ್ಲಿ ಹುಡುಗನಾಗಿದ್ದಾಗ ಈರುಳ್ಳಿ ಸುಲಿದವನು.
ಡಜನ್ ಪೂರಾ ಆಗುತ್ತಿತ್ತು ಬಾಯಿ, ಎಂದ,
ಕೊನೆಯದನ್ನು ತರುವ ದಿನ ತೆರೆ ಎದ್ದಿತು,
ಬನಿಯನ್ ಹಳೆಯದು, ಹರಿಯಿತು.
ಬಿಳಿ ಬಶಿ ಒಂದೇ ಒಂದು ಸಲ ಬಿಸಿಲಿಗೆ ಹೊಳೆದು
ಬೈತಖೋಲದ ನೀರಿಗೆ ಸೇರಿತು.
ನಿನ್ನ ಅಜ್ಜಿ ಕೇಳಿ ಅಂದದ್ದು ಇಷ್ಟೆ:
ಹೋಗಲಿ ಬಿಡಿ, ಸಮುದ್ರಕ್ಕೂ ಉಣ್ಣಲಿಕ್ಕೆ ಒಂದು ಬೇಕಲ್ಲ.

ಈಗ ಆಷಾಢ. ದೋಣಿಗಳು ತೆಂಗಿನ ಗರಿ ಹೊದ್ದು ದಂಡೆಯಲ್ಲಿ ಮಲಗಿವೆ.
ಮೀನಿಲ್ಲದ ಪೇಟೆಯಲ್ಲಿ ಮೊಗೆಕಾಯಿಯದೇ ದರ್ಬಾರು.
ಚೈತ್ರದ ಬಿಸಿಲಿಗೆ ಒಣಗಿಸಿ ಡಬ್ಬಿ ಕಟ್ಟಿಟ್ಟ ಶೆಟ್ಲಿ
ಹುರಿದರೆ ಮೂರು ಮನೆಗೆ ಸುದ್ದಿ.
ಜಜ್ಜಿದ ಹಲಸಿನ ಬೇಳೆ, ಹಸಿ ಕಾಯಿ ಅರೆದದ್ದು,
ಹುಳಿಗೆ ಎರಡು ಮುರುಗಲ ಸಿಪ್ಪೆ,
ಕೊನೆಗೆ ನಾಲ್ಕು ಜುಮ್ಮನಕಾಯಿ, ಬೀಜ ತೆಗೆದು.
ನಾಲಿಗೆ ಜುಮ್ಮೆನ್ನದಿದ್ದರೆ ಅದರ ಹೆಸರಿಗೆ ಅವಮಾನ.

ಕೆಂಪು ಅನ್ನಕ್ಕೆ ಗುಂಡಿ ತೋಡಿ ಹುಮಣ ಹೊಯ್ದರೆ
ಒಂದು ಹನಿ ಆಚೆ ಹೋಗುವುದಿಲ್ಲ.
ಸಾಹೇಬರ ಸೂಪಿಗೆಂದು ಮಾಡಿದ ಕುಳಿ
ನಮ್ಮ ಸಾರಿಗೇ ಅಳತೆ ಕೊಟ್ಟು ಮಾಡಿಸಿದಂತಿದೆ.
ಇದೇ ಬಶಿ ಮಾಗಿಯಲ್ಲಿ ತಿಸರೆ ಚಿಪ್ಪು ತುಂಬಿ ಖಣಖಣ ಎನ್ನುತ್ತದೆ,
ವೈಶಾಖದಲ್ಲಿ ಅಂಕೋಲೆಯ ಇಷಾಡ ಮಾವಿನ ರಸ
ನೆಕ್ಕಿಸಿಕೊಂಡು ತೊಳೆಯುವ ಮೊದಲೇ ಬೆಳ್ಳಗಾಗುತ್ತದೆ.

ಒಂದಕ್ಕೆ ಬಿರುಕು. ಎಲ್ಲರಿಗೂ ಅದೇ ಬೇಕು.
ಅರವತ್ತು ವರ್ಷದ ಅರಿಶಿನ ಇಳಿದು ಅಲ್ಲಿ ಕಾಳಿ ನದಿ ಮೂಡಿದೆ,
ಕೋಡಿಬಾಗದ ಹತ್ತಿರ ಅಗಲವಾಗುವುದು ಸಹ ಸರಿಯಾಗಿದೆ.

ತಮ್ಮ ಉಮಾಕಾಂತ ಕಸ್ಟಮ್ಸಿನಲ್ಲಿ ಗುಮಾಸ್ತ.
ಲಂಗರಿನ ವಿಷಯ ಹೇಳಿದಾಗ ಕೆಮ್ಮಿದ,
ಕಾಯಿದೆ ಪ್ರಕಾರ, ಎಂದು ಶುರು ಮಾಡಿದ,
ಅಷ್ಟರಲ್ಲಿ ಬಾಯಿಗೆ ಶೆಟ್ಲಿ ಸಿಕ್ಕಿತು.
ಕಾಯಿದೆ ಅಲ್ಲಿಗೇ ನಿಂತಿದೆ.

ಇನ್ನೊಂದು ತಿಂಗಳಿಗೆ ನೂಲ ಹುಣ್ಣಿಮೆ.
ಎಲ್ಲರೂ ಹೋಗಿ ನೀರಿಗೆ ತೆಂಗಿನಕಾಯಿ ಬಿಡುತ್ತೇವೆ.
ಬೇರೆ ಮನೆಯವರು ಕಾಯಿ ಮಾತ್ರ ಕೊಟ್ಟಿದ್ದಾರೆ,
ನಾವು ಬಶಿಯನ್ನೂ.
ಕೆಳಗೆ ಯಾವುದೋ ಏಡಿ ಅದರ ಅಂಚಿಗೆ ಕೂತು
ಸಾಹೇಬನಂತೆ ಕಾಯುತ್ತಿರಬೇಕು.

ತಮ್ಮನ ಮಗಳು ಪ್ರಾಚಿಗೆ ಒಂಬತ್ತು.
ಬೋರಲು ಹಾಕಬಾರದು ಯಾಕೆ, ಎಂದು ಕೇಳಿದಳು ಇವತ್ತು.
ಮನೆಗೆ ಒಳ್ಳೆಯದಲ್ಲ, ಅಂದೆ, ಅಜ್ಜಿಯದೇ ದನಿಯಲ್ಲಿ.
ಅವಳು ಅನ್ನ ಸಾರು ಇದ್ದ ಹಾಗೆಯೇ ಬಶಿ ಎತ್ತಿ
ತಲೆ ಬಗ್ಗಿಸಿ ಅಡಿಯಿಂದ ಇಣುಕಿದಳು,
ಮೆಲ್ಲಗೆ ಕೆಳಗಿಟ್ಟಳು,
ನನ್ನ ಮುಖ ನೋಡಿದಳು,
ಇನ್ನೊಂದು ಸೌಟು, ಅಂದಳು.